ಉಪ್ಪಿನಕಾಯಿ ಡಬ್ಬಿಯಲ್ಲಿ ಒಂದು ಜನತಾ ಗಡಿಯಾರ

ಗಡಿಯಾರ ರಿಪೇರಿ ಕಲಿಯುತ್ತಿದ್ದೇನೆ ಎಂದು ಯಾರಿಗಾದರೂ ಹೇಳಿದರೆ ಅವರು ಮೊದಲು ಊಹಿಸಿಕೊಳ್ಳುವುದು ತೀರಿಹೋದ ತಂದೆಯನ್ನೂ ಅವರು ಬಿಟ್ಟುಹೋದ ಹಳೆಯ ಕೈಗಡಿಯಾರವನ್ನೂ. ನನ್ನ ತಂದೆ ಆರೋಗ್ಯವಾಗಿದ್ದಾರೆ, ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆಯುತ್ತಾರೆ, ಮತ್ತು ಅವರು ಜೀವಮಾನದಲ್ಲಿ ಕೈಗೆ ಗಡಿಯಾರ ಕಟ್ಟಿದವರಲ್ಲ. ಗಂಟೆ ಎಷ್ಟಾಯಿತು ಎಂದು ಪಕ್ಕದವರನ್ನು ಕೇಳುವುದೇ ಅವರಿಗೆ ಮಾತು ಶುರುಮಾಡಲು ಒಂದು ನೆಪವಾಗಿತ್ತು. ನನ್ನ ಈ ಹುಚ್ಚು ಹತ್ತಿಕೊಂಡದ್ದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ, ಹಳೆಯ ಚಾರ್ಜರುಗಳ ರಾಶಿಯ ನಡುವೆ ಸಿಕ್ಕಿದ, 250 ರೂಪಾಯಿ ಕೊಟ್ಟು ತಂದ, ನಿಂತುಹೋಗಿದ್ದ ಒಂದು ಎಚ್‌ಎಂಟಿ ಜನತಾದಿಂದ.

ಮನೆಗೆ ತಂದ ಸಂಜೆಯೇ ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಹಿಂಬದಿಯ ಮುಚ್ಚಳವನ್ನು ಹೇಗೋ ತೆಗೆದು, ಕನ್ನಡಕ ಬಿಗಿಮಾಡುವ ಪುಟ್ಟ ಸ್ಕ್ರೂಡ್ರೈವರಿನಿಂದ ಒಂದೊಂದೇ ಭಾಗವನ್ನು ಬಿಚ್ಚುತ್ತ ಹೋದೆ. ಬಿಚ್ಚುವುದು ಇಷ್ಟು ಸಲೀಸೇ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆ ಮೂಡುತ್ತಿದ್ದಾಗ ಒಳಗಿನ ಚಕ್ರಗಳೆಲ್ಲ ಒಮ್ಮೆಲೇ ಝರ್ರೆಂದು ತಿರುಗಿ ನಿಂತವು. ಏನೋ ಒಂದು ಹಾರಿಹೋಗಿ ಫ್ರಿಜ್ಜಿನ ಕಡೆ ಎಲ್ಲೋ ಬಿದ್ದ ಸದ್ದಾಯಿತು. ಆ ಸದ್ದು ಮಾಡಿದ ವಸ್ತು ಇಂದಿನವರೆಗೂ ಸಿಕ್ಕಿಲ್ಲ. ಮತ್ತೆ ಜೋಡಿಸಲು ಒಂದು ವಾರ ಹೆಣಗಿ, ಸೋತು, ಖಾಲಿಯಾಗಿದ್ದ ಉಪ್ಪಿನಕಾಯಿ ಡಬ್ಬಿಯೊಂದನ್ನು ತೊಳೆದು ಒರೆಸಿ ಎಲ್ಲವನ್ನೂ ಅದರಲ್ಲಿ ತುಂಬಿಕೊಂಡು ಅವೆನ್ಯೂ ರಸ್ತೆಯ ಒಂದು ಗಡಿಯಾರದ ಅಂಗಡಿಗೆ ಹೋದೆ. ಅಂಗಡಿಯವರು ಮುಚ್ಚಳ ತೆಗೆದವರೇ ಮೂಗಿನ ಹತ್ತಿರ ಹಿಡಿದು, "ಮಾವಿನಕಾಯೋ, ನಿಂಬೆಕಾಯೋ ಸಾರ್?" ಎಂದು ಕೇಳಿದರು. ನಗು ಮುಗಿದ ಮೇಲೆ, ಇದನ್ನು ಕೂರಿಸುತ್ತ ಕೂತರೆ ತಮಗೆ ಗಿಟ್ಟುವುದಿಲ್ಲವೆಂದೂ, ಎಚ್‌ಎಂಟಿ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಒಬ್ಬ ಅಮ್ಮ ಮತ್ತಿಕೆರೆಯಲ್ಲಿದ್ದಾರೆಂದೂ, ಅವರಿಗೆ ಮನಸ್ಸು ಬಂದರೆ ಮಾಡಿಕೊಟ್ಟಾರೆಂದೂ ಹೇಳಿ ಒಂದು ಫೋನ್ ನಂಬರನ್ನು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದುಕೊಟ್ಟರು.

ಹಾಗೆ ಎರಡೂವರೆ ವರ್ಷದ ಹಿಂದಿನ ಒಂದು ಶನಿವಾರ ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಯಶವಂತಪುರದಲ್ಲಿ ಇಳಿದು, ಡಬ್ಬಿಯ ಸಮೇತ ಅವರ ಮನೆಯ ಬಾಗಿಲಿನಲ್ಲಿ ನಿಂತೆ. ಅವರಿಗೆ ಆಗಲೇ 70ರ ಹತ್ತಿರದ ವಯಸ್ಸು. ಕೆಲಸದ ಮೇಜು ಇದ್ದದ್ದು ಹಾಲಿನ ಉತ್ತರದ ಕಿಟಕಿಯ ಕೆಳಗೆ. ಸಾಮಾನ್ಯ ಮೇಜಿಗಿಂತ ಎತ್ತರ, ಕೂತವರ ಎದೆಯ ಮಟ್ಟಕ್ಕೆ ಬರುವಂಥದ್ದು, ಬಿದ್ದದ್ದು ಉರುಳಿಹೋಗದಂತೆ ಅಂಚಿಗೆ ಪಟ್ಟಿ ಹೊಡೆದದ್ದು. ಅವರು ಡಬ್ಬಿಯೊಳಗಿನದನ್ನು ಒಂದು ಬಿಳಿಯ ತಟ್ಟೆಗೆ ಸುರಿದು, ಕಣ್ಣಿಗೆ ಐಗ್ಲಾಸ್ ಎಂಬ ಪುಟ್ಟ ಭೂತಗನ್ನಡಿ ಏರಿಸಿ, ಒಂದು ಸ್ಕ್ರೂವನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಗಡಿಯಾರದ ಬಗ್ಗೆ ಒಂದು ಮಾತೂ ಆಡದೆ, "ಇದನ್ನ ಬಿಚ್ಚಿದ ಸ್ಕ್ರೂಡ್ರೈವರ್ ತಂದಿದೀರಾ?" ಎಂದರು. ತಂದಿರಲಿಲ್ಲ. ಕಲಿಸುತ್ತೀರಾ ಎಂದು ನಾನು ಕೇಳಿದ್ದಕ್ಕೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮುಂದಿನ ವಾರ ಬರುವಾಗ ಆ ಸ್ಕ್ರೂಡ್ರೈವರ್ ತನ್ನಿ ಎಂದಷ್ಟೇ ಹೇಳಿದರು.

ಮುಂದಿನ ಮೂರು ಶನಿವಾರಗಳನ್ನು ನಾನು ಎಣ್ಣೆ ಹಚ್ಚಿದ ಒಂದು ಸಾಣೆಕಲ್ಲಿನ ಮುಂದೆ ಕಳೆದೆ. ಗಡಿಯಾರದ ಕೆಲಸದಲ್ಲಿ ಸ್ಕ್ರೂಡ್ರೈವರ್ ಎಂಬುದು ಅಂಗಡಿಯಿಂದ ತಂದು ಹಾಗೆಯೇ ಬಳಸುವ ವಸ್ತುವಲ್ಲ. ಅದರ ತುದಿಯ ಅಗಲ ಸ್ಕ್ರೂವಿನ ತಲೆಯ ಅಗಲಕ್ಕೂ, ದಪ್ಪ ಅದರ ಮೇಲಿನ ಸೀಳಿಗೂ ಸರಿಹೊಂದಬೇಕು. ತೀರ ಚೂಪಾದರೆ ತುದಿ ಮುರಿಯುತ್ತದೆ, ದಪ್ಪವಾದರೆ ಸೀಳಿನಿಂದ ಜಾರಿ ಪಕ್ಕದ ತಟ್ಟೆಯ ಮೇಲೆ ಗೀರು ಎಳೆಯುತ್ತದೆ. ನಾನು ಬಿಚ್ಚಿದ್ದ ಜನತಾದ ಪ್ರತಿಯೊಂದು ಸ್ಕ್ರೂವಿನ ತಲೆಯ ಮೇಲೂ ಅಂಥ ಗೀರುಗಳಿದ್ದವು, ಅವರು ಮೊದಲ ದಿನ ನೋಡುತ್ತಿದ್ದದ್ದು ಅದನ್ನೇ. ಎರಡು ಬದಿಯನ್ನೂ ಒಂದೇ ಸಮನಾಗಿ ತೇಯುವುದು ನೋಡಲು ಚಪಾತಿ ಲಟ್ಟಿಸಿದಷ್ಟು ಸುಲಭವಾಗಿ ಕಾಣುತ್ತದೆ. ಮಾಡಹೊರಟರೆ ಒಂದು ಬದಿ ಇಳಿಜಾರು, ಇನ್ನೊಂದು ಉಬ್ಬು. ಪ್ರತಿ ಸಲವೂ ಅವರು ಐಗ್ಲಾಸಿನಲ್ಲಿ ನೋಡಿ ತಲೆಯಾಡಿಸಿ ವಾಪಸು ಕೊಡುತ್ತಿದ್ದರು. ಮೂರನೆಯ ವಾರದ ಕೊನೆಗೆ ತಲೆಯಾಡಿಸದೆ ವಾಪಸು ಕೊಟ್ಟರು. ಅದೇ ಪಾಸಾದ ಲೆಕ್ಕ.

ಆಮೇಲೆ ರಾಗಿ. ಹೌದು, ಅಡುಗೆಮನೆಯ ರಾಗಿಯೇ. ಎರಡು ಬಾಟಲಿ ಮುಚ್ಚಳಗಳನ್ನು ಮುಂದಿಟ್ಟು, ಒಂದರಲ್ಲಿನ ರಾಗಿ ಕಾಳುಗಳನ್ನು ಚಿಮಟದಿಂದ ಒಂದೊಂದಾಗಿ ಎತ್ತಿ ಇನ್ನೊಂದಕ್ಕೆ ಹಾಕಬೇಕು, ಒಂದು ಕಾಳು ಹಾರಿಹೋದರೂ ಮೊದಲಿನಿಂದ ಶುರುಮಾಡಬೇಕು. ಸಾಸಿವೆ ಯಾಕಾಗಬಾರದು ಎಂದು ಕೇಳಿದ್ದಕ್ಕೆ ಅದು ದಪ್ಪ ಎಂದರು. ಗುಂಡಗಿನ ಕಾಳನ್ನು ಒತ್ತಿ ಹಿಡಿದಷ್ಟೂ ಅದು ಚಿಮಟದ ಬಾಯಿಂದ ಚಿಮ್ಮುತ್ತದೆ. ಬೀಳದಿರಲು ಎಷ್ಟು ಬೇಕೋ ಅಷ್ಟೇ ಬಲದಲ್ಲಿ ಹಿಡಿಯುವುದು ಬೆರಳಿಗೆ ಗೊತ್ತಾಗಬೇಕೇ ಹೊರತು ಬುದ್ಧಿಗೆ ಗೊತ್ತಾದರೆ ಪ್ರಯೋಜನವಿಲ್ಲ. ಮನೆಯಲ್ಲಿಯೂ ಅಭ್ಯಾಸ ಮಾಡಿದೆ. ಚಾರ್ಟರ್ಡ್ ಅಕೌಂಟೆಂಟರ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ, 39 ವರ್ಷದ ಗಂಡಸು ರಾತ್ರಿ 10 ಗಂಟೆಗೆ ರಾಗಿ ಎಣಿಸುತ್ತ ಕೂತದ್ದನ್ನು ಕಂಡು ನನ್ನ ಹೆಂಡತಿ ಏನೂ ಹೇಳಲಿಲ್ಲವಾದರೂ, ಅವಳ ತಂಗಿಗೆ ಫೋನಿನಲ್ಲಿ ಹೇಳಿದ್ದು ನನಗೆ ಕೇಳಿಸಿತು.

ಆ ದಿನಗಳಲ್ಲಿ ನಾನು ಈ ವಿದ್ಯೆಗೆ ನನ್ನ ಪೂರ್ತಿ ಮನಸ್ಸನ್ನು ಕೊಟ್ಟುಬಿಟ್ಟಿದ್ದೇನೆ ಎಂದೇ ತಿಳಿದಿದ್ದೆ. ಮಧ್ಯರಾತ್ರಿಯವರೆಗೆ ವಿಡಿಯೊಗಳನ್ನು ನೋಡುತ್ತಿದ್ದೆ; ಸ್ವಿಸ್ ಚಿಮಟಗಳು, ಸೂಕ್ಷ್ಮದರ್ಶಕ, ಬಣ್ಣಬಣ್ಣದ ಹಿಡಿಗಳಿರುವ ಎಣ್ಣೆಕಡ್ಡಿಗಳು ಎಂದು ಒಂದು ತಿಂಗಳ ಸಂಬಳದಷ್ಟು ಹಣವನ್ನು ಸಾಮಾನುಗಳಿಗೆ ಸುರಿದಿದ್ದೆ; ಭಾಗಗಳ ಹೆಸರನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಚಿತ್ರಸಹಿತ ಬರೆದಿಟ್ಟುಕೊಂಡಿದ್ದೆ. ಒಂದು ಶನಿವಾರ ಆ ಸಾಮಾನಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಅವರ ಮುಂದೆ ತೆರೆದೆ. ಅವರು ಎಲ್ಲವನ್ನೂ ನಿಧಾನವಾಗಿ ನೋಡಿ, "ಅಂಗಡಿ ಚೆನ್ನಾಗಿದೆ" ಎಂದು ಪೆಟ್ಟಿಗೆ ಮುಚ್ಚಿಟ್ಟು, ತಮ್ಮ ಹಳೆಯ ಚಿಮಟವನ್ನೇ ನನ್ನ ಕೈಗೆ ಕೊಟ್ಟರು. ಉತ್ಸಾಹವನ್ನು ಶ್ರದ್ಧೆಯೆಂದು ತಪ್ಪು ತಿಳಿಯುವುದು ನಮ್ಮ ಪೀಳಿಗೆಯ ದೊಡ್ಡ ರೋಗವಿರಬೇಕು. ಉತ್ಸಾಹಕ್ಕೆ ನೋಡುವವರು ಬೇಕು, ಸಾಮಾನು ಬೇಕು, ಮುಂದೇನು ಎಂಬ ಆತುರ ಬೇಕು. ರಾಗಿ ಕಾಳಿಗೆ ಅದ್ಯಾವುದೂ ಬೇಕಾಗಿರಲಿಲ್ಲ.

ಅವರ ಕೈ ಎಲ್ಲಿ ಪಳಗಿತು ಎಂಬುದನ್ನು ನಾನು ಚೂರುಚೂರಾಗಿ ತಿಳಿದೆ. ಯಂತ್ರೋಪಕರಣಗಳ ತಯಾರಿಕೆಗೆಂದು 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಇಲ್ಲಿಯೇ ಕೈಗಡಿಯಾರಗಳನ್ನು ಮಾಡತೊಡಗಿತು. ನನಗೆ ಕಲಿಸುತ್ತಿದ್ದ ಈ ಅಮ್ಮ ಜಾಲಹಳ್ಳಿಯ ಆ ಕಾರ್ಖಾನೆಗೆ ಸೇರಿದ್ದು 1974ರಲ್ಲಿ, 20ನೆಯ ವಯಸ್ಸಿನಲ್ಲಿ. ಜೋಡಣೆಯ ಮೇಜುಗಳಲ್ಲಿ ಸಾಲಾಗಿ ಕೂರುತ್ತಿದ್ದವರು ಹೆಚ್ಚಾಗಿ ಹೆಣ್ಣುಮಕ್ಕಳೇ ಎಂದು ಅವರು ಹೇಳುತ್ತಾರೆ. ಹೂ ಮುಡಿದು ಬಂದವರು ಒಳಗೆ ಹೋಗುವಾಗ ಕೂದಲಿಗೆ ಟೋಪಿ ಹಾಕಿಕೊಳ್ಳಬೇಕಿತ್ತು, ಊಟದ ಬಿಡುವಿನಲ್ಲಿ ಟೋಪಿ ತೆಗೆದಾಗ ಹಾಲ್ ತುಂಬ ಮಲ್ಲಿಗೆಯ ವಾಸನೆ ಹರಡುತ್ತಿತ್ತು ಎಂಬುದು ಅವರಿಗೆ ಇನ್ನೂ ನೆನಪಿದೆ. ಅಲ್ಲಿ ಅವರು 11 ವರ್ಷ ಮಾಡಿದ್ದು ಒಂದೇ ಕೆಲಸ: ಹೇರ್‌ಸ್ಪ್ರಿಂಗ್ ಎಂಬ ತೆಳು ಸುರುಳಿಯನ್ನು ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರಕ್ಕೆ ಕೂರಿಸಿ ಅದರ ಸುತ್ತುಗಳನ್ನು ಸಮ ಮಾಡುವುದು. ಆಮೇಲೆ ಸರ್ವಿಸ್ ವಿಭಾಗಕ್ಕೆ ಹೋದರು, ಇಡೀ ಗಡಿಯಾರವನ್ನು ಕಲಿತದ್ದು ಅಲ್ಲಿ. ಬ್ಯಾಟರಿ ಗಡಿಯಾರಗಳು ಬಂದು ಕೀ ಕೊಡುವ ಗಡಿಯಾರಗಳನ್ನು ಮೂಲೆಗೆ ತಳ್ಳಿದ್ದನ್ನೂ, 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿದ್ದನ್ನೂ ಅವರು ಹೇಳುವುದು ದೂರದ ನೆಂಟರೊಬ್ಬರ ಕಾಯಿಲೆಯ ಸುದ್ದಿ ಹೇಳುವ ಧಾಟಿಯಲ್ಲಿ, ದುಃಖವನ್ನು ತೀರ ಹತ್ತಿರಕ್ಕೆ ಬರಗೊಡದೆ.

ಗಡಿಯಾರದ ಒಳಗು ಹೇಗೆ ನಡೆಯುತ್ತದೆ ಎಂದು ಅವರು ನನಗೆ ಎಂದೂ ಪಾಠ ಮಾಡಲಿಲ್ಲ. ಬಿಚ್ಚುವ ಕ್ರಮದಲ್ಲಿಯೇ ಅದು ತಾನಾಗಿ ತಿಳಿಯುತ್ತ ಹೋಯಿತು. ಕೀ ಕೊಟ್ಟಾಗ ಸುತ್ತಿಕೊಳ್ಳುವ ಮೇನ್‌ಸ್ಪ್ರಿಂಗ್ ಬಿಚ್ಚಿಕೊಳ್ಳಲು ಹವಣಿಸುತ್ತದೆ; ಆ ಹವಣಿಕೆ ಚಕ್ರದಿಂದ ಚಕ್ರಕ್ಕೆ ದಾಟುತ್ತ, ಗಂಟೆಗೊಂದು ಸುತ್ತು ಬರುವ ನಡುಚಕ್ರದಿಂದ ನಿಮಿಷಕ್ಕೊಂದು ಸುತ್ತು ಬರುವ ಸೆಕೆಂಡಿನ ಚಕ್ರಕ್ಕೆ, ಅಲ್ಲಿಂದ 15 ಹಲ್ಲುಗಳ ಎಸ್ಕೇಪ್ ಚಕ್ರಕ್ಕೆ ಬರುತ್ತದೆ. ಅಲ್ಲಿ ಪ್ಯಾಲೆಟ್ ಎಂಬ ಪುಟ್ಟ ಕವಲು ಒಂದು ಹಲ್ಲನ್ನು ತಡೆದು, ಬಿಟ್ಟು, ಮತ್ತೆ ತಡೆಯುತ್ತದೆ. ಆ ತಡೆದು ಬಿಡುವ ಲಯವನ್ನು ಕೊಡುವುದು ಬ್ಯಾಲೆನ್ಸ್ ಚಕ್ರ ಮತ್ತು ಅದರ ಹೇರ್‌ಸ್ಪ್ರಿಂಗ್; ಇಂಥ ಸುರುಳಿಯನ್ನು ಗಡಿಯಾರಕ್ಕೆ ತಂದವನು ಕ್ರಿಸ್ಟಿಯಾನ್ ಹೈಗೆನ್ಸ್, 1675ರಲ್ಲಿ. ನಮ್ಮ ಜನತಾ ಗಂಟೆಗೆ 18,000 ಸಲ ಟಿಕ್ ಎನ್ನುತ್ತದೆ, ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುವ ಗಡಿಯಾರವನ್ನು ನಾವು ಕೆಟ್ಟಿದೆ ಎನ್ನುತ್ತೇವೆ. ಲೆಕ್ಕಿಗನ ಚಟಕ್ಕೆ ಕೂಡಿ ಕಳೆದು ನೋಡಿದಾಗ ಅದು ತಪ್ಪುತ್ತಿರುವುದು 4,32,000ದಲ್ಲಿ 150 ಟಿಕ್ ಮಾತ್ರ. ನನ್ನ ಕಚೇರಿಯ ಯಾವ ಲೆಕ್ಕವೂ ಅಷ್ಟು ಶುದ್ಧವಾಗಿ ಬಂದದ್ದಿಲ್ಲ.

ನನ್ನ ಮೊದಲ ಗಡಿಯಾರ ಝರ್ರೆಂದು ತಿರುಗಿದ್ದೇಕೆ ಎಂಬುದೂ ಆಗಲೇ ತಿಳಿಯಿತು. ನಿಂತುಹೋದ ಗಡಿಯಾರದಲ್ಲಿಯೂ ಕೀಯ ಬಲ ಉಳಿದಿರಬಹುದು; ಮೊದಲು ಕೀ ಕೊಡುವ ಕಿರೀಟವನ್ನು ಬೆರಳಲ್ಲಿ ಹಿಡಿದು, ಸ್ಪ್ರಿಂಗನ್ನು ತಡೆದಿರುವ ಕೊಂಡಿಯನ್ನು ಸರಿಸಿ, ಆ ಬಲವನ್ನು ನಿಧಾನವಾಗಿ ಇಳಿಸಿಕೊಂಡ ಮೇಲೆಯೇ ಉಳಿದ ಮಾತು. ಬಿಚ್ಚುವುದಕ್ಕೆ ಅಷ್ಟು ಸಾಕು. ಜೋಡಿಸುವಾಗ ನನ್ನನ್ನು ಅಳಿಸಿದ್ದು ಚಕ್ರಗಳ ಮೇಲೆ ಕೂರುವ ಬ್ರಿಡ್ಜ್ ಎಂಬ ಲೋಹದ ತಟ್ಟೆ. ಕೆಳಗಿನ ತಟ್ಟೆಯ ಕಲ್ಲುಗಳಲ್ಲಿ ನಿಲ್ಲಿಸಿದ ಚಕ್ರಗಳು ಒಂದೊಂದು ಒಂದೊಂದು ಕಡೆಗೆ ವಾಲಿಕೊಂಡು, ರಾತ್ರಿಯ ಜಾತ್ರೆ ಮುಗಿಸಿ ಬಸ್ಸಿಗೆ ಕಾಯುವವರಂತೆ ನಿಂತಿರುತ್ತವೆ. ಬ್ರಿಡ್ಜನ್ನು ಮೇಲಿಟ್ಟು, ಆ ಒಂದೊಂದರ ಮೇಲ್ತುದಿಯೂ ಬ್ರಿಡ್ಜಿನಲ್ಲಿರುವ ತನ್ನ ಕೆಂಪು ಕಲ್ಲಿನ ತೂತನ್ನು ಏಕಕಾಲಕ್ಕೆ ಹೊಗುವಂತೆ ಮಾಡಬೇಕು. ತುದಿಗಳೋ, ಕೆಲವು ತಲೆಗೂದಲಿಗಿಂತ ಹೆಚ್ಚು ದಪ್ಪವಿಲ್ಲ. ಮೂರು ಸರಿಯಾದರೆ ನಾಲ್ಕನೆಯದು ತಪ್ಪುತ್ತದೆ. ನಾಲ್ಕನೆಯದನ್ನು ಸರಿಪಡಿಸಿದರೆ ಮೊದಲನೆಯದು ಜಾರಿಕೊಳ್ಳುತ್ತದೆ. ಬೇಸರ ಬಂದು ಸ್ವಲ್ಪ ಒತ್ತಿದರೆ ತುದಿ ಮುರಿಯುತ್ತದೆ, ಅಲ್ಲಿಗೆ ಆ ಚಕ್ರ ಮುಗಿಯಿತು. ಮೊದಲ ಶನಿವಾರ 2 ಗಂಟೆ 40 ನಿಮಿಷ ಹೆಣಗಿದೆ. ಎರಡನೆಯ ಶನಿವಾರವೂ ಆಗಲಿಲ್ಲ. ಅವರು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ, ನನ್ನ ಉಸಿರಿನ ಸದ್ದಿನಿಂದಲೇ ನಾನು ಏನು ಮಾಡುತ್ತಿದ್ದೇನೆಂದು ತಿಳಿದವರಂತೆ, "ಒತ್ತಬೇಡಿ" ಎಂದು ಅಲ್ಲಿಂದಲೇ ಹೇಳುತ್ತಿದ್ದರು.

ಐದನೆಯ ಶನಿವಾರ ಪಕ್ಕದಲ್ಲಿ ಬಂದು ಕೂತು, "ನೀವು ಅದನ್ನ ಕೂರಿಸ್ತಾ ಇದೀರಿ. ಅದು ತಾನೇ ಬೀಳುತ್ತೆ. ಬೆರಳನ್ನ ಸುಮ್ಮನೆ ಮೇಲಿಟ್ಟಿರಿ, ಬೀಳೋವರೆಗೂ ಕಾಯಿರಿ" ಎಂದರು. ಎಡಗೈ ತೋರುಬೆರಳನ್ನು ಬ್ರಿಡ್ಜಿನ ಮೇಲೆ ಅದರ ತೂಕಕ್ಕಿಂತ ತುಸುವೇ ಹೆಚ್ಚೆನಿಸುವಷ್ಟು ಭಾರದಲ್ಲಿ ಇಟ್ಟು, ಬಲಗೈಯ ಚಿಮಟದ ತುದಿಯಿಂದ ಚಕ್ರಗಳನ್ನು ಒಂದೊಂದಾಗಿ ಸವರುತ್ತ ಹೋದೆ. ಎಷ್ಟು ಹೊತ್ತಾಯಿತೋ ಗಮನಿಸಲಿಲ್ಲ. ಒಂದು ಗಳಿಗೆಯಲ್ಲಿ ಬೆರಳಿನ ಕೆಳಗೆ ಬ್ರಿಡ್ಜ್ ಕಾಗದದ ದಪ್ಪದಷ್ಟು ಇಳಿಯಿತು. ಸದ್ದಿಲ್ಲ, ಏನಿಲ್ಲ. ಮೊದಲ ಚಕ್ರವನ್ನು ಚಿಮಟದಿಂದ ಮೆಲ್ಲಗೆ ನೂಕಿದರೆ ಕೊನೆಯ ಚಕ್ರದವರೆಗೂ ಎಲ್ಲವೂ ನೀರಿನಂತೆ ತಿರುಗಿದವು. ಅವರು ನೋಡಿ, "ಬಿಚ್ಚಿ, ಮತ್ತೆ ಮಾಡಿ" ಎಂದರು. ಆ ಸಂಜೆ ಅದನ್ನೇ ಏಳು ಸಲ ಮಾಡಿದೆ, ಏಳರಲ್ಲಿ ಮೂರು ಸಲ ಬಿತ್ತು.

ಈಗ ನಾನು ಹೇಳಲು ನಾಚುವ ಭಾಗಕ್ಕೆ ಬರಬೇಕು. ಒಂದು ವರ್ಷ ಕಳೆದ ಮೇಲೆ ಅವರು ಮೊದಲ ಬಾರಿಗೆ ಗಿರಾಕಿಯೊಬ್ಬರ ಗಡಿಯಾರವನ್ನು ನನ್ನ ಕೈಗೆ ಕೊಟ್ಟರು. ಕೀ ಕೊಟ್ಟಾಗ ಒಂದನ್ನೊಂದು ದಬ್ಬುತ್ತ ತಿರುಗುವ ಎರಡು ಚಕ್ರಗಳು ಮಷೀನಿನ ಮೇಲ್ಭಾಗದಲ್ಲಿರುತ್ತವೆ. ಅವುಗಳಲ್ಲಿ ಚಿಕ್ಕದನ್ನು ಹಿಡಿದಿರುವ ಸ್ಕ್ರೂ ಅನೇಕ ಗಡಿಯಾರಗಳಲ್ಲಿ ಉಳಿದೆಲ್ಲ ಸ್ಕ್ರೂಗಳಿಗೆ ತಿರುಗುಮುರುಗು, ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು. ಸಾಮಾನ್ಯ ಸ್ಕ್ರೂ ಹಾಕಿದರೆ ದಿನವೂ ಕೀ ಕೊಡುವಾಗ ಆ ಚಕ್ರದ ತಿರುಗುವಿಕೆಗೆ ಅದು ಸಡಿಲವಾಗುತ್ತ ಬರುತ್ತದೆ ಎಂಬುದೇ ಅದಕ್ಕೆ ಕಾರಣ. ಇದು ನನಗೆ ಗೊತ್ತಿತ್ತು. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೂ ಇತ್ತು. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಗಿರಾಕಿಯ ಗಡಿಯಾರ ಮಾಡಿದೆನೆಂದು ಯಾರುಯಾರಿಗೆ ಹೇಳಬೇಕು ಎಂಬ ಪಟ್ಟಿ. ಎಡಕ್ಕೆ ತಿರುಗಿಸಿದೆ, ಅಲುಗಲಿಲ್ಲ, ಇನ್ನೂ ಬಲ ಹಾಕಿದೆ. ಟಕ್ಕೆಂದು ತಲೆ ಮುರಿದು ಬಂತು. ಅವರು ಒಳಗಿನಿಂದ ಬಂದಾಗ, ತೆರೆದಾಗಲೇ ಹೀಗಿತ್ತು ಎಂದುಬಿಟ್ಟೆ.

ಅವರು ಐಗ್ಲಾಸಿನಲ್ಲಿ ನೋಡಿ "ಹೌದಾ" ಎಂದು, ಎಲ್ಲವನ್ನೂ ಒಂದು ಪುಟ್ಟ ಕವರಿಗೆ ಹಾಕಿ ಪಕ್ಕಕ್ಕಿಟ್ಟರು. ಹೊಸದಾಗಿ ಮುರಿದ ಉಕ್ಕು ಹೊಳೆಯುತ್ತದೆ, ಹಳೆಯ ಮುರಿತ ಮಂಕಾಗಿರುತ್ತದೆ ಎಂಬುದು ನನಗೆ ಹೊಳೆದದ್ದು ಮೆಟ್ರೊದಲ್ಲಿ, ರಾಜಾಜಿನಗರ ದಾಟಿದ ಮೇಲೆ. ಮುಂದಿನ ಎರಡು ಶನಿವಾರ ಅವರ ನಡವಳಿಕೆಯಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ಕಾಫಿ ಬಂತು, ಕೆಲಸ ಬಂತು, ಆದರೆ ಬಂದ ಕೆಲಸ ನನ್ನ ಹಳೆಯ ಜನತಾವೇ. ಮೂರನೆಯ ಶನಿವಾರ, ಚಪ್ಪಲಿ ಬಿಡುವಾಗಲೇ ಹೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ, ಕ್ಷಮಿಸಿದೆ ಎಂಬ ಮುಖವನ್ನೂ ಮಾಡಲಿಲ್ಲ. "ಗೊತ್ತಿತ್ತು ಕಣಪ್ಪ. ಮುರಿಯೋದು ಎಲ್ಲರೂ ಮುರೀತಾರೆ. ನೀನು ಮಾಡಿದ್ದನ್ನ ನನಗೆ ಹೇಳದೇ ಹೋದರೆ, ನಿನ್ನ ಕೈ ಎಲ್ಲಿ ತಪ್ಪುತ್ತಿದೆ ಅಂತ ನಾನು ಹೇಗೆ ತಿಳ್ಕೊಳ್ಳಲಿ? ನಿನ್ನ ಬೆರಳೊಳಗೆ ನಾನು ಕೂತಿದ್ದೀನಾ?" ಎಂದರು. ಒಂದು ವರ್ಷದಿಂದ ಬನ್ನಿ, ಕೂತ್ಕೊಳ್ಳಿ ಎನ್ನುತ್ತಿದ್ದವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅಂದೇ ಮೊದಲು.

ತಲೆ ಮುರಿದ ಸ್ಕ್ರೂವಿನ ಉಳಿದ ಭಾಗ ಬ್ರಿಡ್ಜಿನ ಒಳಗೇ ಕೂತಿತ್ತು. ಅದನ್ನು ತೆಗೆಯಲು ಅವರು ನನ್ನನ್ನು ಕಳಿಸಿದ್ದು ಗಡಿಯಾರದ ಅಂಗಡಿಗಲ್ಲ, ಗ್ರಂಧಿಗೆ ಅಂಗಡಿಗೆ: ಪಟಿಕ ತರಲು. ಪಟಿಕದ ಬಿಸಿನೀರು ಉಕ್ಕನ್ನು ನಿಧಾನವಾಗಿ ತಿನ್ನುತ್ತದೆ, ಹಿತ್ತಾಳೆಯನ್ನು ಮುಟ್ಟುವುದಿಲ್ಲ. ಬ್ರಿಡ್ಜಿನ ಮೇಲಿದ್ದ ಉಳಿದ ಉಕ್ಕಿನ ಚೂರುಗಳನ್ನೆಲ್ಲ ಕಳಚಿ, ಗಾಜಿನ ಲೋಟದ ಪಟಿಕದ ನೀರಿನಲ್ಲಿ ಅದನ್ನು ಮುಳುಗಿಸಿ, ಆಗಾಗ ಬಿಸಿ ಮಾಡುತ್ತ ಬಂದರೆ, ಸ್ಕ್ರೂವಿನ ಸುತ್ತ ಸಣ್ಣ ಗುಳ್ಳೆಗಳು ಏಳುತ್ತಿರುತ್ತವೆ. ಕೊನೆಗೆ ಕಪ್ಪು ಕೆಸರಾಗಿ ತಾನಾಗಿ ಉದುರುತ್ತದೆ. ಎರಡು ದಿನ ಆ ಲೋಟ ನನ್ನ ಮನೆಯಲ್ಲಿಯೇ ಇತ್ತು. ಬದಲಿ ಸ್ಕ್ರೂವಿಗಾಗಿ ಪೇಟೆಯ ಗಲ್ಲಿಗಳಲ್ಲಿ ಎರಡು ಭಾನುವಾರ ಅಲೆದೆ. ಅದೇ ಮಷೀನಿನ ಒಂದು ಸತ್ತ ಗಡಿಯಾರವನ್ನು 600 ರೂಪಾಯಿಗೆ ಕೊಂಡು ಅದರಿಂದ ಕಿತ್ತುಹಾಕಿದೆ. ಆ 600 ನನ್ನದೇ ಜೇಬಿನಿಂದ, ಅದರಲ್ಲಿ ಚರ್ಚೆಯೇ ಇರಲಿಲ್ಲ.

ದುಡ್ಡಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಗುರುದಕ್ಷಿಣೆಯ ವಿಷಯವನ್ನು ನಾನು ಒಮ್ಮೆ ಬಹಳ ಭಾವುಕನಾಗಿ ಎತ್ತಿದಾಗ, "ಅದೆಲ್ಲ ಬೇಡ, ಶನಿವಾರಕ್ಕೆ 300 ಕೊಡಿ, ಕರೆಂಟು ಕಾಫಿ ಎಲ್ಲ ಸೇರಿ" ಎಂದರು. ಆ ಮಾತು ನನಗೆ ಇಂದಿಗೂ ಹಿತವೆನಿಸುತ್ತದೆ. ಋಣದ ಭಾರವಿದ್ದಲ್ಲಿ ಶಿಷ್ಯನಿಗೆ ಅಡ್ಡಬೀಳುವುದರಲ್ಲಿಯೇ ಅರ್ಧ ಗಮನ ಹೋಗುತ್ತದೆ. 300 ಕೊಟ್ಟು ಕೂತವನು ನಾಚಿಕೆಯಿಲ್ಲದೆ ಹತ್ತು ಸಲ ಅದೇ ಪ್ರಶ್ನೆ ಕೇಳಬಹುದು. ಅವರಿಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಸಂಗತಿಗೆ. ಹಳೆಯ ಎಚ್‌ಎಂಟಿಗಳಿಗೆ ಬೇಡಿಕೆ ಹೆಚ್ಚಿದಂತೆ, ಡಯಲ್ ಕೆರೆದು ಹೊಸದಾಗಿ ಬಣ್ಣ ಬಳಿದು, ನಾಲ್ಕು ಗಡಿಯಾರಗಳ ಭಾಗಗಳನ್ನು ಒಂದಕ್ಕೆ ಸೇರಿಸಿ, ಕಾರ್ಖಾನೆ ಎಂದೂ ಮಾಡದ ಬಣ್ಣಗಳಲ್ಲಿ ಆನ್‌ಲೈನಿನಲ್ಲಿ ಮಾರುವುದು ಒಂದು ದಂಧೆಯಾಗಿದೆ. ಅಂಥದ್ದೊಂದನ್ನು ನಾನು ಹೆಮ್ಮೆಯಿಂದ ತೋರಿಸಿದಾಗ ಅವರು ಡಯಲಿನ ಅಕ್ಷರಗಳನ್ನು ನೋಡಿ, ಯಾರದೋ ಮುಖಕ್ಕೆ ಇನ್ಯಾರೋ ಸುಣ್ಣ ಬಳಿದಿದ್ದಾರೆ ಎಂದು ಮುಖ ತಿರುಗಿಸಿದರು.

ಎಣ್ಣೆಯ ಪಾಠ ಚಿಕ್ಕದು, ಆದರೆ ಕಲಿಯಲು ನನಗೆ ಅತಿ ಕಷ್ಟವಾದದ್ದು. ಚಕ್ರದ ತುದಿ ಕೂರುವ ಕೆಂಪು ಕಲ್ಲಿನ ಪುಟ್ಟ ಕುಳಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಅದಕ್ಕಿಂತ ಹೆಚ್ಚಾದರೆ ಎಣ್ಣೆ ಇರಬೇಕಾದಲ್ಲಿ ಇರದೆ ಹರಿದುಹೋಗುತ್ತದೆ. ಪ್ಯಾಲೆಟ್ಟಿನ ಅಚ್ಚುಗಳಿಗೆ ಎಣ್ಣೆಯೇ ಬೇಡ. ಹೇರ್‌ಸ್ಪ್ರಿಂಗಿಗಂತೂ ಎಣ್ಣೆಯ ಸೋಂಕೂ ತಗುಲಕೂಡದು, ತಗುಲಿದರೆ ಸುತ್ತುಗಳು ಒಂದಕ್ಕೊಂದು ಅಂಟಿ ಗಡಿಯಾರ ಹುಚ್ಚು ಹಿಡಿದಂತೆ ಮುಂದಕ್ಕೆ ಓಡುತ್ತದೆ. ಎಲ್ಲಿಯೂ ಕಡಿಮೆಯಾಗದಿರಲಿ ಎಂದು ಧಾರಾಳವಾಗಿ ಹಾಕುವುದು ನನ್ನ ಸ್ವಭಾವ, ಬಹುಶಃ ನಮ್ಮ ಮನೆಯ ಊಟದ ಅಭ್ಯಾಸ. ಅವರು ಪ್ರತಿ ಸಲವೂ ನಾನು ಹಾಕಿದ ಎಣ್ಣೆಯನ್ನು ಬಿದಿರುಕಡ್ಡಿಯಿಂದ ಒರೆಸಿ ತೆಗೆದು, ಮತ್ತೆ ಹಾಕಿಸುತ್ತಾರೆ.

ಹೋದ ವರ್ಷದಿಂದ ಅವರ ಬಲಗಣ್ಣಿನ ನೋಟ ಮಂಜಾಗಿದೆ. ಪೊರೆಯ ಶಸ್ತ್ರಚಿಕಿತ್ಸೆಯಾಯಿತು; ಓದಲು, ತರಕಾರಿ ಹೆಚ್ಚಲು ತೊಂದರೆಯಿಲ್ಲ, ಆದರೆ ಐಗ್ಲಾಸಿನೊಳಗೆ ಹೇರ್‌ಸ್ಪ್ರಿಂಗಿನ ಸುತ್ತುಗಳು ಅವರಿಗೆ ಮೊದಲಿನಂತೆ ಬೇರೆಬೇರೆಯಾಗಿ ಕಾಣುವುದಿಲ್ಲ. 11 ವರ್ಷ ಅದೊಂದನ್ನೇ ಮಾಡಿದವರು. ಈವರೆಗೆ ಅದೊಂದನ್ನು ಮಾತ್ರ ನನಗೆ ಮುಟ್ಟಗೊಡದೆ ತಾವೇ ಮಾಡುತ್ತಿದ್ದರು. ಈಗ ನಾನು ನೋಡಿ ಹೇಳಬೇಕು, ಅವರು ಕೇಳಿಸಿಕೊಂಡು ಹೇಳುತ್ತಾರೆ. ಟಿಕ್ ಸದ್ದನ್ನು ಅಳೆಯುವ ಆ್ಯಪ್ ನನ್ನ ಫೋನಿನಲ್ಲಿದೆ, ಗಡಿಯಾರ ದಿನಕ್ಕೆ ಎಷ್ಟು ಸೆಕೆಂಡು ಮುಂದೆ ಎಷ್ಟು ಹಿಂದೆ ಎಂದು ಗೆರೆ ಎಳೆದು ತೋರಿಸುತ್ತದೆ; ಅವರು ಗಡಿಯಾರವನ್ನು ಕಿವಿಗಿಟ್ಟು, ಮಲಗಿಸಿ, ನಿಲ್ಲಿಸಿ, ಮತ್ತೆ ಕಿವಿಗಿಟ್ಟು, ನಿಲ್ಲಿಸಿದಾಗ ಕುಂಟುತ್ತಿದೆ ಎನ್ನುತ್ತಾರೆ. ಗೆರೆಯೂ ಸಾಮಾನ್ಯವಾಗಿ ಅದನ್ನೇ ಹೇಳುತ್ತದೆ, ಸ್ವಲ್ಪ ತಡವಾಗಿ.

ಕಳೆದ ಶನಿವಾರ ನನ್ನ ಅದೇ ಮೊದಲ ಜನತಾದ ಹೇರ್‌ಸ್ಪ್ರಿಂಗ್ ಚಿಮಟದ ತುದಿಯ ಕೆಳಗಿತ್ತು. ಉಪ್ಪಿನಕಾಯಿ ಡಬ್ಬಿಯಲ್ಲಿ ಕುಲುಕಿಕೊಂಡು ಬಂದಾಗ ಅದು ಎಲ್ಲಿಯೋ ಬಾಗಿದೆ. ಗಡಿಯಾರ ನಡೆಯುತ್ತದೆ, ಆದರೆ ದಿನಕ್ಕೆ ನಾಲ್ಕು ನಿಮಿಷ ಮುಂದಕ್ಕೆ ಹೋಗುತ್ತದೆ. ಕಿಟಕಿಯ ಹೊರಗೆ ಮಳೆ ಶುರುವಾಗುವ ಹಾಗಿತ್ತು, ಬೆಳಕು ಕಡಿಮೆಯಾಗಿತ್ತು. ಅವರು ಎದುರಿಗೆ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, "ಎಲ್ಲಿ ತಾಕ್ತಾ ಇದೆ?" ಎಂದರು. ಹೊರಗಿನಿಂದ ಎರಡನೆಯ ಸುತ್ತು ಮೂರನೆಯದಕ್ಕೆ ತಾಕುತ್ತಿದೆ, ಬ್ಯಾಲೆನ್ಸಿನ ತೋಳಿನ ಮೇಲ್ಭಾಗದಲ್ಲಿ, ಎಂದೆ.

"ಅಲ್ಲಿ ತಾಕ್ತಾ ಇದೆ ಅಂದ್ರೆ ಬಾಗಿರೋದು ಅಲ್ಲೇ ಅಂತಲ್ಲ. ಹಿಂದಕ್ಕೆ ಹೋಗು. ಸುತ್ತಿನ ಜೊತೇಲಿ ಕಣ್ಣು ತಿರುಗಲಿ."

ತಿರುಗಿಸಿದೆ. ಅರ್ಧ ಸುತ್ತು ಹಿಂದೆ, ಎದುರು ಬದಿಯಲ್ಲಿ, ಸುರುಳಿಯ ಒಂದು ಕಡೆ ಮೊಣಕೈಯಂತೆ ತುಸು ಮುರಿದ ಹಾಗೆ ಕಂಡಿತು. ಚಿಮಟ ತಾನಾಗಿ ಆ ಕಡೆ ಸರಿಯಿತೋ ಏನೋ. ಅವರ ಕಣ್ಣು ಮುಚ್ಚಿಯೇ ಇತ್ತು.

"ಮುಟ್ಟಬೇಡ. ಇನ್ನೊಂದ್ಸಲ ನೋಡು."

ಚಿಮಟವನ್ನು ಪಕ್ಕಕ್ಕಿಟ್ಟು, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಒಳಗಿನ ಮೊದಲ ಸುತ್ತಿನಿಂದ ಮತ್ತೆ ನೋಡುತ್ತ ಬಂದೆ.